ಹಕ್ಕಲಿಗೆ ಬಗ್ಗಿದ ಕಣ್ಣು

ಲಿಂಗಸುಗೂರು

ಪ್ರೀತಿಯ ತಮ್ಮಾ,

ನಿನ್ನ ಕಥೆ ತಲುಪಿತು. ಮೂರು ಸಲ ಓದಿದೆ. ಮೊದಲನೇ ಸಲ ಸುಮ್ನೆ ಓದಿಕೊಂಡು ಹೋದೆ. ಎರಡನೇ ಸಲ ಪೆನ್ನು ಹಿಡಿದು ಕೂತೆ. ಮೂರನೇ ಸಲ ಬರೀ ಕೊನೇ ಪುಟ. ಅಲ್ಲಿ ನನಗೆ ಏನೋ ಮುಳ್ಳು ಚುಚ್ಚಿದಂತಾಯಿತು. ಅದು ಏನು ಅಂತ ಹೇಳೋಕೇ ಈ ಪತ್ರ.

ನಿನ್ನ ಕಥೆಯ ಹುಡುಗ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ನಿನ್ನ ಹಾಗೇ. ಬಾಕಿ ವಸೂಲಿಗೆ ಅಂತ ಲಾರಿ ಹತ್ತಿ ಬೆಂಗಳೂರಿನ ಯಶವಂತಪುರದ ಯಾರ್ಡಿಗೆ ಹೋಗುತ್ತಾನೆ. ವ್ಯಾಪಾರಿ ಸಿಗುವುದಿಲ್ಲ. ಬರಿಗೈಲಿ ಹೊರಡುವಾಗ ಹಿಂದಿನಿಂದ ಯಾರೋ ಹೆಗಲ ಮೇಲೆ ಕೈ ಇಡುತ್ತಾರೆ. ತಿರುಗಿದರೆ ಸೋದರಮಾವ! ಹನ್ನೆರಡು ವರ್ಷದ ಹಿಂದೆ ಗುಳೆ ಹೋದವನು, ಮನೆ ಕಡೆ ಮುಖ ಹಾಕದವನು. ಇಬ್ಬರೂ ಅಳುತ್ತಾರೆ. ಆಮೇಲೆ ನೀನು ಬರೆದಿದ್ದೀಯ: ಇದನ್ನೇ ಅಲ್ಲವೇ ಸೆರೆಂಡಿಪಿಟಿ ಅನ್ನುವುದು! ಅದರ ಕೆಳಗೆ ಒಂದು ಗೆರೆ ಎಳೆದು ಅರ್ಥವನ್ನೂ ಕೊಟ್ಟಿದ್ದೀಯ, ಶುಭಾಕಸ್ಮಿಕ ಅಂತ.

ಜೊತೆಗಿಟ್ಟ ಚೀಟಿಯಲ್ಲಿ ಕೇಳಿದ್ದೀಯ: "ಅಕ್ಕಾ, ಈ ಪದಕ್ಕೆ ಕನ್ನಡದಲ್ಲಿ ಒಳ್ಳೇ ಪದ ಯಾವುದು? ಇಲ್ಲದಿದ್ದರೆ ನಾನೇ ಒಂದು ಕಟ್ಟಲಾ?"

ಕಟ್ಟು. ಬೇಡ ಅನ್ನುವುದಿಲ್ಲ. ಆದರೆ ಮೊದಲು ಆ ಪದ ಕಟ್ಟಿದವನ ಕಥೆ ಕೇಳು. ಇಂಗ್ಲಿಷಿನಲ್ಲಿ ಸಾವಿರಾರು ಪದಗಳು ಯಾರು ಹುಟ್ಟಿಸಿದರು ಅಂತ ಗೊತ್ತಿಲ್ಲದೆ ಬೆಳೆದವು. ಇದಕ್ಕೆ ಮಾತ್ರ ಹುಟ್ಟಿದ ದಿನವೇ ಗೊತ್ತಿದೆ. 1754ರ ಜನವರಿ 28. ಹುಟ್ಟಿದ್ದು ಒಂದು ಪತ್ರದಲ್ಲಿ. ಬರೆದವನು ಹೊರೇಸ್ ವಾಲ್ಪೋಲ್. ಬ್ರಿಟನ್ನಿನ ಮೊದಲ ಪ್ರಧಾನಿ ಅಂತ ಎಣಿಸುವ ರಾಬರ್ಟ್ ವಾಲ್ಪೋಲ್‌ನ ಮಗ. ಪತ್ರ ಹೋಗಿದ್ದು ಇಟಲಿಯ ಫ್ಲಾರೆನ್ಸಿನಲ್ಲಿದ್ದ ಹೊರೇಸ್ ಮಾನ್ ಅನ್ನುವ ಗೆಳೆಯನಿಗೆ. ಇವರಿಬ್ಬರ ಗೆಳೆತನವೇ ಒಂದು ದೊಡ್ಡ ಕಥೆ. 1741ರಲ್ಲಿ ವಾಲ್ಪೋಲ್ ಫ್ಲಾರೆನ್ಸ್ ಬಿಟ್ಟ ಮೇಲೆ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. 1786ರಲ್ಲಿ ಮಾನ್ ತೀರಿಕೊಳ್ಳುವವರೆಗೂ ಬರೀ ಪತ್ರ. ನಲವತ್ತೈದು ವರ್ಷ! ಇದನ್ನು ನೆನೆಸಿಕೊಂಡಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಆ ದಿನದ ಸುದ್ದಿ ತೀರಾ ಸಣ್ಣದು. ಮಾನ್ ಫ್ಲಾರೆನ್ಸಿನಿಂದ ಬಿಯಾಂಕಾ ಕಪೆಲ್ಲೋ ಅನ್ನುವ ರಾಣಿಯ ಹಳೇ ಚಿತ್ರವೊಂದನ್ನು ಕಳಿಸಿದ್ದ. ಆಕೆ ವೆನಿಸ್ ಮನೆತನದ ಹೆಣ್ಣು, ಫ್ಲಾರೆನ್ಸಿನ ಮೆಡಿಚಿ ಮನೆತನಕ್ಕೆ ಸೊಸೆಯಾಗಿ ಬಂದವಳು. ವಾಲ್ಪೋಲ್ ವೆನಿಸ್ಸಿನ ಮನೆತನಗಳ ಲಾಂಛನಗಳಿದ್ದ ಒಂದು ಹಳೇ ಪುಸ್ತಕ ತಿರುವಿ ಹಾಕುತ್ತಿದ್ದ. ಅಲ್ಲಿ ಕಪೆಲ್ಲೋ ಮನೆತನಕ್ಕೆ ಎರಡು ಲಾಂಛನ ಇದ್ದವು. ಅವರ ಭಾಷೆಯಲ್ಲಿ ಕಪೆಲ್ಲೋ ಅಂದರೆ ಟೋಪಿ, ಹಾಗಾಗಿ ಎರಡರಲ್ಲೂ ಟೋಪಿ. ಒಂದರ ಮೇಲೆ ಮಾತ್ರ ನೀಲಿ ಉಂಡೆ, ಅದರೊಳಗೆ ಒಂದು ಹೂವು. ಇದು ಮೆಡಿಚಿಗಳು ಬೀಗತನದ ಗುರುತಿಗೆ ಕೊಟ್ಟದ್ದೇ ಇರಬೇಕು ಅಂತ ಅವನಿಗೆ ಥಟ್ಟನೆ ಹೊಳೆಯಿತು. ಅಷ್ಟೇ. ಲೋಕಕ್ಕೆ ಅದರಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೆ ಆ ಹೊಳೆದ ಕ್ಷಣ ಅವನಿಗೆ ಖುಷಿ ಕೊಟ್ಟಿತು. ಆ ಖುಷಿಗೆ ಹೆಸರಿರಲಿಲ್ಲ. ಇಂಥದ್ದಕ್ಕೆ ನಾನು ಸೆರೆಂಡಿಪಿಟಿ ಅನ್ನುತ್ತೇನೆ ಅಂತ ಗೆಳೆಯನಿಗೆ ಬರೆದ.

ಇದರ ಮುಂದಿನ ಮಾತು ನಿನಗೆ ಬೇಕಾದ್ದು. ಅರ್ಥ ಬಿಡಿಸಿ ಹೇಳುವುದಕ್ಕಿಂತ ಇದು ಎಲ್ಲಿಂದ ಬಂತು ಅಂತ ಹೇಳಿದರೆ ನಿನಗೆ ಚೆನ್ನಾಗಿ ತಿಳಿಯುತ್ತದೆ ಅಂದ. ಅಂದು, ಒಂದು ಕಥೆ ಹೇಳಿದ. ಸೆರೆಂಡಿಪ್‌ನ ಮೂವರು ರಾಜಕುಮಾರರ ಕಥೆ. ಅವರು ದೇಶ ಸುತ್ತುವಾಗ ತಾವು ಹುಡುಕದೇ ಇದ್ದ ಸಂಗತಿಗಳನ್ನು ಕಂಡುಕೊಳ್ಳುತ್ತಲೇ ಇರುತ್ತಾರೆ. ಹೇಗೆ? ಒಂದು, ಆಕಸ್ಮಿಕದಿಂದ. ಇನ್ನೊಂದು, ಚುರುಕು ಬುದ್ಧಿಯಿಂದ. ಈ ಎರಡೂ ಅವನ ಮಾತಿನಲ್ಲೇ ಇವೆ. ನಿನ್ನ ಶುಭಾಕಸ್ಮಿಕದಲ್ಲಿ ಮೊದಲನೆಯದು ಮಾತ್ರ ಉಳಿದಿದೆ, ಎರಡನೆಯದು ಜಾರಿ ಬಿದ್ದಿದೆ. ನಿನ್ನ ತಪ್ಪೇನಲ್ಲ. ಇವತ್ತು ಇಂಗ್ಲಿಷ್ ಮಾತಾಡುವವರೂ ಜಾಸ್ತಿ ಹಾಗೇ ಬಳಸುತ್ತಾರೆ. ನಾನೂ ಬಹಳ ವರ್ಷ ಅದನ್ನು ಅದೃಷ್ಟ ಅಂತಲೇ ತಿಳಿದು ಬರೆದಿದ್ದೆ.

ಆ ಕಥೆಯಲ್ಲಿ ಏನಾಗುತ್ತದೆ ಗೊತ್ತಾ? ರಾಜಕುಮಾರರು ಹೋಗುವ ದಾರಿಯಲ್ಲಿ ಒಬ್ಬ ತನ್ನ ಒಂಟೆ ಕಳೆದಿದೆ ಅಂತ ಹುಡುಕುತ್ತಿರುತ್ತಾನೆ. ಇವರು ಕೇಳುತ್ತಾರೆ: ಅದಕ್ಕೆ ಒಂದು ಕಣ್ಣು ಕುರುಡಾ? ಒಂದು ಹಲ್ಲು ಬಿದ್ದಿದೆಯಾ? ಒಂದು ಕಾಲು ಕುಂಟಾ? ಒಂದು ಪಕ್ಕ ಬೆಣ್ಣೆ, ಇನ್ನೊಂದು ಪಕ್ಕ ಜೇನು ಹೊರಿಸಿದ್ದೆಯಾ? ಇಷ್ಟೆಲ್ಲ ಗೊತ್ತಿದೆ ಅಂದಮೇಲೆ ಇವರೇ ಕದ್ದವರು ಅಂತ ಹಿಡಿದು ಹಾಕುತ್ತಾರೆ. ಆದರೆ ಇವರು ಒಂಟೆಯನ್ನು ಕಂಡೇ ಇಲ್ಲ. ದಾರಿಯ ಒಂದೇ ಕಡೆಯ ಹುಲ್ಲು ಮೇಯ್ದದ್ದು ನೋಡಿದರು, ಅದೂ ಹುಲ್ಲು ಕಡಿಮೆ ಇದ್ದ ಕಡೆ. ಅಗಿದು ಉದುರಿಸಿದ ಹುಲ್ಲಿನ ತುಣುಕುಗಳು ಹಲ್ಲಿನ ಗಾತ್ರದಲ್ಲಿದ್ದವು. ಮೂರು ಹೆಜ್ಜೆ ಊರಿದ ಗುರುತು, ಒಂದು ಎಳೆದ ಗುರುತು. ಒಂದು ಕಡೆ ಇರುವೆ ಸಾಲು, ಒಂದು ಕಡೆ ನೊಣ. ವಾಲ್ಪೋಲ್ ನೆನಪಿನಿಂದ ಬರೆಯುವಾಗ ಒಂಟೆಯನ್ನು ಹೇಸರಗತ್ತೆ ಮಾಡಿಬಿಟ್ಟ. ಇರಲಿ. ಕಣ್ಣು ಕುರುಡು, ಹುಲ್ಲು ಒಂದೇ ಕಡೆ, ಅಷ್ಟು ಅವನಿಗೆ ಸರಿಯಾಗಿ ನೆನಪಿತ್ತು.

ಇದನ್ನು ಓದುವಾಗ ನನಗೆ ನಮ್ಮ ಕುರಿಗಾರರ ನೆನಪಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಎರೆ ಹೊಲಗಳಲ್ಲಿ ಕುರಿ ತರುಬುತ್ತಾರಲ್ಲ, ಅವರಲ್ಲಿ ಒಬ್ಬ ಮುದುಕ ಹಿಕ್ಕೆ ನೋಡಿ ಈ ಮಂದೆ ನಿನ್ನೆ ಎಲ್ಲಿ ಮೇಯ್ದಿತ್ತು ಅಂತ ಹೇಳಿದ್ದು ನಾನೇ ಕೇಳಿದ್ದೇನೆ.

ಸೆರೆಂಡಿಪ್ ಅಂದರೆ ಎಲ್ಲಿ ಅಂದುಕೊಂಡೆ? ಶ್ರೀಲಂಕಾ. ಸಿಂಹಳ ದ್ವೀಪ ಅನ್ನುವುದನ್ನೇ ಅರಬರು, ಪರ್ಷಿಯಾದ ಜನ ಸರಂದೀಬ್ ಅಂದರು. ಪದದ ಬಾಲದಲ್ಲಿರುವ 'ದಿಪ್' ನಮ್ಮ ದ್ವೀಪವೇ! ಈ ರಾಜಕುಮಾರರ ಕಥೆಯ ಎಳೆ 1302ರಲ್ಲಿ ದೆಹಲಿಯ ಅಮೀರ್ ಖುಸ್ರೋ ಪಾರ್ಸಿಯಲ್ಲಿ ಬರೆದ ಕಾವ್ಯದಲ್ಲಿದೆ. ಅಲ್ಲಿಂದ ದಾಟಿ ದಾಟಿ 1557ರಲ್ಲಿ ವೆನಿಸ್ಸಿನಲ್ಲಿ ಇಟಾಲಿಯನ್ ಪುಸ್ತಕವಾಗಿ ಅಚ್ಚಾಯಿತು. ಅಲ್ಲಿಂದ ಲಂಡನ್ನಿಗೆ. ನೀನು ಕಥೆಯ ಕೊನೆಗೆ ಇಟ್ಟದ್ದು ಪರದೇಶದ ಪದ ಅಂತ ನನಗೆ ಬೇಜಾರಿಲ್ಲ ಅಂತ ಇದರಿಂದಲೇ ನಿನಗೆ ತಿಳಿಯಬೇಕು. ಅರ್ಧ ಅದು ನಮ್ಮ ಮನೆಯದೇ.

ಈಗ ಪದ ಕಟ್ಟುವ ಮಾತಿಗೆ ಬರುತ್ತೇನೆ. ವಾಲ್ಪೋಲ್‌ಗೆ ಪದ ಹುಟ್ಟಿಸುವುದು ಒಂದು ಚಟ. ಗ್ಲೂಮ್ತ್ ಅಂತ ಒಂದು ಮಾಡಿದ, ಮಬ್ಬುಗತ್ತಲೆಗೆ. ಗ್ರೀನ್ತ್ ಅಂತ ಒಂದು, ಹಸಿರಿಗೆ. ಬಿಟ್ವೀನಿಟಿ ಅಂತ ಒಂದು, ನಡುವೆ ಇರುವುದಕ್ಕೆ. ಅವು ಯಾವೂ ಜನರ ಬಾಯಿಗೆ ಬರಲಿಲ್ಲ. ಸೆರೆಂಡಿಪಿಟಿ ಕೂಡ ಬೇಗ ಬರಲಿಲ್ಲ. ಮಾನ್‌ಗೆ ಬರೆದ ಪತ್ರಗಳು ಅಚ್ಚಾಗಿದ್ದೇ 1833ರಲ್ಲಿ. ಆಮೇಲೂ ಹಳೇ ಪುಸ್ತಕ ಪ್ರಿಯರು ಕೆಲವರ ನಡುವೆ ಮಾತ್ರ ಓಡಾಡಿಕೊಂಡಿತ್ತು. ವಾಲ್ಟರ್ ಕ್ಯಾನನ್ ಅನ್ನುವ ಅಮೆರಿಕದ ಶರೀರಶಾಸ್ತ್ರಜ್ಞ 1945ರಲ್ಲಿ ತನ್ನ ಸಂಶೋಧನೆಯ ಬದುಕಿನ ಬಗ್ಗೆ ಬರೆಯುವಾಗ ಇದನ್ನು ಎತ್ತಿಕೊಂಡ. ಲ್ಯಾಬಿನಲ್ಲಿ ಒಂದು ಹುಡುಕುವಾಗ ಇನ್ನೊಂದು ಸಿಗುವುದಕ್ಕೆ ವಿಜ್ಞಾನಿಗಳಿಗೆ ಒಂದು ಹೆಸರು ಬೇಕಿತ್ತು. ಆ ಬೇಕು ಅನ್ನುವುದೇ ಪದಕ್ಕೆ ಜೀವ ಕೊಟ್ಟಿತು. ಗ್ರೀನ್ತ್ ಯಾರಿಗೆ ಬೇಕಿತ್ತು ಹೇಳು? ಹಸಿರಿಗೆ ಆಗಲೇ ಪದ ಇತ್ತಲ್ಲ.

ನಮ್ಮಲ್ಲೂ ನೋಡು. ಟಂಟಂ ಅನ್ನುವ ಪದ ಯಾವ ಪಂಡಿತರೂ ಕಟ್ಟಲಿಲ್ಲ. ಮೂರು ಗಾಲಿಯ ಗಾಡಿ ಬಂತು, ಸದ್ದು ಮಾಡಿತು, ಸಿಂಧನೂರಿನಿಂದ ಕುಷ್ಟಗಿ ತನಕ ಎಲ್ಲರ ಬಾಯಲ್ಲಿ ಟಂಟಂ ಆಯಿತು. ಕಾದಂಬರಿ ಅನ್ನುವುದು ಇನ್ನೂ ಚೆಂದ. ಬಾಣಭಟ್ಟ ಬರೆದ ಸಂಸ್ಕೃತ ಕಥೆಯ ನಾಯಕಿಯ ಹೆಸರು ಅದು. ನಮ್ಮಲ್ಲೂ ಮರಾಠಿಯಲ್ಲೂ ಅದು ಇಡೀ ಒಂದು ಬಗೆಯ ಬರವಣಿಗೆಗೇ ಹೆಸರಾಯಿತು. ಒಂದು ಕಥೆಯ ಹೆಸರಿನಿಂದ ದಿನಬಳಕೆಯ ಪದ ಹುಟ್ಟುವುದು ಸೆರೆಂಡಿಪ್‌ಗೊಂದೇ ಆದದ್ದಲ್ಲ, ಅಲ್ವಾ?

ಕನ್ನಡದಲ್ಲಿ ಇದಕ್ಕೆ ಸಮ ಬರುವ ಮಾತು ಇದೆಯಾ ಅಂತ ನಾನೂ ತಡಕಾಡಿದ್ದೇನೆ. ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತು ಅನ್ನುತ್ತೇವೆ. ಒಳ್ಳೇ ಮಾತು. ಆದರೆ ಅಲ್ಲಿ ಹುಡುಕುತ್ತಿದ್ದದ್ದೇ ಸಿಕ್ಕಿತು. ಕಾಕತಾಳೀಯ ಅನ್ನುತ್ತೇವೆ. ಕಾಗೆ ಕೂರುವುದಕ್ಕೂ ತಾಳೆ ಹಣ್ಣು ಬೀಳುವುದಕ್ಕೂ ಸರಿಹೋಯಿತು. ಅಲ್ಲಿ ಕಾಗೆಗೆ ಏನೂ ಹೊಳೆಯಲಿಲ್ಲ. ಘುಣಾಕ್ಷರ ಅಂತ ಇನ್ನೊಂದಿದೆ. ಹುಳ ಮರ ಕೊರೆಯುತ್ತ ಹೋಗುತ್ತದೆ, ಆ ಗೆರೆ ಅಕ್ಷರದ ಹಾಗೆ ಕಾಣುತ್ತದೆ. ಇದು ಸ್ವಲ್ಪ ಹತ್ತಿರ ಬರುತ್ತದೆ, ಯಾಕಂದ್ರೆ ಅಕ್ಷರ ಅಂತ ಗುರುತಿಸುವುದಕ್ಕೆ ಓದು ಬಂದ ಕಣ್ಣು ಬೇಕು. ಆದರೂ ಹೇಳುವವರು ಹುಳದ ಕಡೆಯಿಂದ ಹೇಳುತ್ತಾರೆ, ಓದುವವನ ಕಡೆಯಿಂದ ಅಲ್ಲ.

ಮಾತು ಸಿಗದಿದ್ದರೂ ಸಂಗತಿ ನಮ್ಮ ಜಿಲ್ಲೆಯಲ್ಲೇ ಇದೆ. ಮಸ್ಕಿಗೆ ಹೋಗಿದ್ದೀಯಾ? ನನ್ನ ತವರೂರು ಅದರ ಪಕ್ಕದ್ದೇ. 1915ರಲ್ಲಿ, ನಿಜಾಮರ ಆಳ್ವಿಕೆಯಲ್ಲಿ, ಬೀಡನ್ ಅನ್ನುವ ಚಿನ್ನದ ಗಣಿಯ ಎಂಜಿನಿಯರ್ ಆ ಕಡೆ ಬಂದ. ಹಟ್ಟಿಯ ಸುತ್ತಮುತ್ತ ಹಿಂದಿನವರು ಚಿನ್ನಕ್ಕೆ ತೋಡಿದ ಹಳೇ ಗುಂಡಿಗಳಿವೆ ಅಂತ ನಿನಗೆ ಗೊತ್ತೇ ಇದೆ. ಅವನ ಕಸುಬು ಚಿನ್ನ. ಅವನ ಕಣ್ಣಿಗೆ ಬಿದ್ದದ್ದು ಗುಡ್ಡದ ಬಂಡೆಯ ಮೇಲಿನ ಗೀರುಗಳು. ಸವೆದು ಹೋಗಿದ್ದ ಬ್ರಾಹ್ಮಿ ಅಕ್ಷರಗಳು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದರಲ್ಲಿ ಅಸೋಕ ಅಂತ ಹೆಸರಿತ್ತು!

ಇದು ಎಷ್ಟು ದೊಡ್ಡದು ಅಂತ ಸ್ವಲ್ಪ ಹೇಳಬೇಕು. ಅಲ್ಲಿವರೆಗೆ ಸಿಕ್ಕ ಅಂಥ ಶಾಸನಗಳಲ್ಲಿ ರಾಜನ ಹೆಸರು ದೇವಾನಂಪಿಯ ಪಿಯದಸಿ ಅಂತ ಇತ್ತು. ದೇವರಿಗೆ ಪ್ರಿಯನಾದವನು, ಪ್ರಿಯದರ್ಶಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದಾಗ ಈ ಪಿಯದಸಿ ಯಾರು ಅಂತ ತಿಳಿಯಲಿಲ್ಲ. ಸಿಲೋನಿನಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ, ಸರ್ಕಾರಿ ಕೆಲಸದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಳಿ ಇತಿಹಾಸ ಗ್ರಂಥ ಓದಿ, ಪಿಯದಸಿ ಅಂದರೆ ಅಶೋಕ ಅಂತ ತೋರಿಸಿಕೊಟ್ಟ. ಆದರೆ ಶಾಸನದಲ್ಲೇ ಆ ಹೆಸರು ಕಂಡಿರಲಿಲ್ಲ. ಸುಮಾರು ಎಂಬತ್ತು ವರ್ಷ ಆದ ಮೇಲೆ ಮಸ್ಕಿಯ ಬಂಡೆ ಅದನ್ನು ಹೇಳಿತು. ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉದೇಗೋಳದ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು. ನೋಡು, ಮೊದಲ ಸುಳಿವು ಬಂದದ್ದು ಸೆರೆಂಡಿಪ್‌ನಿಂದ, ಗಟ್ಟಿಯಾದದ್ದು ನಮ್ಮ ರಾಯಚೂರು ಸೀಮೆಯಲ್ಲಿ. ಇದನ್ನು ಯೋಚಿಸಿದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಆ ಬಂಡೆ ಅಲ್ಲೇ ಇತ್ತು. ಎಷ್ಟು ಜನ ಅದರ ನೆರಳಲ್ಲಿ ಬುತ್ತಿ ಬಿಚ್ಚಿರಬೇಕು, ಎಷ್ಟು ಮಕ್ಕಳು ಅದರ ಮೇಲೆ ಜಾರಿ ಆಡಿರಬೇಕು. ಎಂಜಿನಿಯರ್‌ನ ಅದೃಷ್ಟ ಅವನನ್ನು ಬಂಡೆ ತನಕ ಮಾತ್ರ ಕರೆದುಕೊಂಡು ಬಂತು. ಕಲ್ಲು ನೋಡಿ ನೋಡಿ ಪಳಗಿದ ಕಣ್ಣು ಅವನದು. ಇದು ತಾನಾಗಿ ಬಿದ್ದ ಗೀರಲ್ಲ ಅಂತ ಆ ಕಣ್ಣು ಹೇಳಿರಬೇಕು.

ನನ್ನ ಅವ್ವನ ಒಂದು ಸಂಗತಿ ಹೇಳುತ್ತೇನೆ. ಶೇಂಗಾ ಕಿತ್ತಾದ ಮೇಲೆ ಬೇರೆಯವರ ಹೊಲದಲ್ಲಿ ನಾವು ಹಕ್ಕಲು ಆರಿಸಲು ಹೋಗುತ್ತಿದ್ದೆವು. ಮಣ್ಣಲ್ಲಿ ಉಳಿದ ಕಾಯಿ ಆರಿಸಿ ಸೆರಗಿಗೆ ಹಾಕಿಕೊಳ್ಳುವುದು. ನಾನು ಆಗ ಎರಡನೇ ಇಯತ್ತೆ. ಒಂದು ದಿನ ಅವ್ವ ಮಣ್ಣಿನಿಂದ ಏನೋ ಎತ್ತಿ ಬಾಯಿಂದ ಊದಿ, ಸೀರೆಗೆ ಒರೆಸಿ ತೋರಿಸಿದಳು. ಕೆಂಪು ಮಣಿ. ನಡುವೆ ಸಣ್ಣ ತೂತು. ಮಸ್ಕಿಯ ಸುತ್ತ ಬಹಳ ಹಿಂದಿನ ಜನ ವಾಸ ಇದ್ದರು, ಅಗೆದಾಗ ಅಂಥ ಮಣಿಗಳು ಸಿಕ್ಕಿವೆ ಅಂತ ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಅವ್ವ ಅದನ್ನು ನನ್ನ ಉಡಿದಾರಕ್ಕೆ ಪೋಣಿಸಿದಳು. ನನಗೆ ಯಾಕೆ ಸಿಗಲಿಲ್ಲ ಅಂತ ನಾನು ಅತ್ತೆ. ಅವಳು ಅಂದಳು: "ನೀ ಮಾರಿ ಮ್ಯಾಲ ಮಾಡ್ಕೊಂಡು ಹೊಂಟಿದ್ದಿ. ಕಾಯಿ ಹುಡಕಾಕ ಬಗ್ಗಿದ್ರ ತಾನ ಮಣಿ ಕಣ್ಣಿಗೆ ಬೀಳಾದು?"

ಹಕ್ಕಲು ಅನ್ನುವುದೇ ಸೆರೆಂಡಿಪಿಟಿಗೆ ಸರಿಯಾದ ಪದ ಅಂತ ನಾನು ಹೇಳುತ್ತಿಲ್ಲ. ಹಕ್ಕಲು ಹಸಿವಿನ ಪದ. ಅದನ್ನು ಅದರ ಹೊಲದಿಂದ ಕಿತ್ತು ಬೇರೆ ಕಡೆ ನೆಡಲು ನನಗೆ ಮನಸ್ಸಿಲ್ಲ. ಆದರೆ ಅವ್ವನ ಮಾತಿನಲ್ಲಿ ವಾಲ್ಪೋಲ್ ಹೇಳಿದ ಎರಡೂ ಇವೆ. ಬಗ್ಗಿದ್ದು ಕಾಯಿಗೆ. ಸಿಕ್ಕಿದ್ದು ಮಣಿ. ನಡುವೆ ಒಂದು ಕಣ್ಣು.

ಈಗ ನಿನ್ನ ಕಥೆಗೆ ಬರೋಣ. ಅದರಲ್ಲಿ ಆ ಕಣ್ಣು ಎಲ್ಲಿದೆ? ನಿನ್ನ ಹುಡುಗ ಏನನ್ನೂ ನೋಡಲಿಲ್ಲ. ಮಾವನೇ ಬಂದು ಹೆಗಲು ಮುಟ್ಟಿದ. ಇದು ಕಾಗೆ ಮತ್ತು ತಾಳೆ ಹಣ್ಣು. ಓದುವವರು ಓ ಅನ್ನುತ್ತಾರೆ, ಪುಟ ಮಡಚುತ್ತಾರೆ. ಹಾಗಾಗಿ ಕೊನೆಗೆ ಒಂದು ದೊಡ್ಡ ಪದ ತಂದು ಊರುಗೋಲು ಕೊಡಬೇಕು ಅಂತ ನಿನಗೆ ಅನಿಸಿತು. ಕಥೆ ತನ್ನ ಕಾಲ ಮೇಲೆ ನಿಂತಿದ್ದರೆ ಆ ಸಾಲು ಬೇಕಾಗುತ್ತಿರಲಿಲ್ಲ.

ಎರಡನೇ ಪುಟ ತೆಗೆ. ಅಲ್ಲಿ ನೀನು ಮಾವನ ಬಗ್ಗೆ ನಾಲ್ಕು ಸಾಲು ಬರೆದಿದ್ದೀಯ. ಮಾವ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಚೀಲದ ಬಾಯಿ ಹೊಲಿಯುವಾಗ ಕೊನೆಯ ಗಂಟನ್ನು ಎಲ್ಲರ ಹಾಗೆ ಹಾಕುತ್ತಿರಲಿಲ್ಲ, ಎಡಗೈಯವನಾದ್ದರಿಂದ ಅವನ ದಬ್ಬಣ ಬಲದಿಂದ ಎಡಕ್ಕೆ ಓಡುತ್ತಿರಲಿಲ್ಲ, ಸುತಳಿಯನ್ನು ಎರಡು ಸಲ ಸುತ್ತಿ ಕಿವಿಯಂತೆ ಬಿಡುತ್ತಿದ್ದ, ಆ ಗಂಟು ಯಾವತ್ತೂ ಬಿಚ್ಚುತ್ತಿರಲಿಲ್ಲ. ಇದನ್ನು ಯಾಕೆ ಬರೆದೆ? ನೀನು ದಿನಾ ನೋಡುವುದು ಅಂತ ಬಂದುಬಿಟ್ಟಿದೆ, ಅಲ್ವಾ? ಬರೆದು ಮುಂದೆ ಹೋಗಿ ಮರೆತೇ ಬಿಟ್ಟೆ. ಇಡೀ ಕಥೆಯಲ್ಲಿ ಮತ್ತೆ ಆ ಗಂಟಿನ ಸುದ್ದಿ ಇಲ್ಲ.

ತಮ್ಮಾ, ನಿನ್ನ ಮಣಿ ಅದೇ.

ಯಾರ್ಡಿನಲ್ಲಿ ಸಾವಿರ ಚೀಲ ಒಟ್ಟಿರುತ್ತಾರೆ. ವ್ಯಾಪಾರಿ ಬರಲಿ ಅಂತ ಹುಡುಗ ಒಂದು ಒಟ್ಟಿಲಿನ ಪಕ್ಕ ಕಾಯುತ್ತ ನಿಲ್ಲಲಿ. ಅವನ ತಲೆ ತುಂಬ ಬಾಕಿ ರೊಕ್ಕದ ಲೆಕ್ಕ ಇರಲಿ. ಕಣ್ಣು ಸುಮ್ನೆ ಚೀಲಗಳ ಮೇಲೆ ಓಡಲಿ. ಒಂದು ಚೀಲದ ಬಾಯಿಗೆ ಎಡಗೈ ಹೊಲಿಗೆ, ಕಿವಿಯಂಥ ಗಂಟು. ಅವನು ಅದನ್ನು ಬೆರಳಿಂದ ಮುಟ್ಟಲಿ. ಬಿಚ್ಚಲು ನೋಡಲಿ. ಬಿಚ್ಚದಿರಲಿ. ಆಮೇಲೆ ಈ ಚೀಲ ಯಾರು ಹೊಲಿದದ್ದು ಅಂತ ಕೇಳುತ್ತ ಹೋಗಲಿ. ಇಡೀ ಯಾರ್ಡಿನಲ್ಲಿ ಬೇರೆ ಯಾರಿಗೂ ಆ ಗಂಟು ಕಾಣುವುದಿಲ್ಲ. ನಿನ್ನ ಹುಡುಗನಿಗೆ ಮಾತ್ರ ಕಾಣುತ್ತದೆ, ಯಾಕಂದ್ರೆ ಚಿಕ್ಕವನಿದ್ದಾಗ ಮಾವನ ಪಕ್ಕ ಕೂತು ಅದನ್ನು ನೋಡಿದವನು ಅವನು. ಮಾವ ಸಿಗುತ್ತಾನಾ, ಆಗಲೇ ಆ ಯಾರ್ಡು ಬಿಟ್ಟು ಹೋಗಿರುತ್ತಾನಾ, ಅದು ನಿನಗೆ ಬಿಟ್ಟದ್ದು. ನನಗೆ ಕೇಳಿದರೆ, ಹೆಗಲು ಮುಟ್ಟುವ ಕೈಗಿಂತ ಆ ಗಂಟಿನ ಎದುರು ನಿಂತ ಹುಡುಗನೇ ನನ್ನನ್ನು ಜಾಸ್ತಿ ಅಳಿಸುತ್ತಾನೆ.

ಹೀಗೆ ಬರೆದರೆ ಕೊನೆಯ ಸಾಲು ತಾನಾಗೇ ಉದುರುತ್ತದೆ. ಕೆಳಗಿನ ಶುಭಾಕಸ್ಮಿಕವೂ ಉದುರುತ್ತದೆ. ಗಂಗಾವತಿಯ ಗುಮಾಸ್ತ ಆ ಹೊತ್ತಿನಲ್ಲಿ ಅಂಥ ಪದ ಆಡುವುದಿಲ್ಲ. ಏನೋ ಒಂದು ಆಡಿದರೆ ಅದನ್ನು ಬರೆ. ಅದೇ ಮುಂದೊಂದು ದಿನ ನೀನು ಕೇಳಿದ ಪದ ಆದರೂ ಆಗಬಹುದು.

ಇನ್ನೊಂದು ಮಾತು. ನೀನು ಕಥೆಗೆ ಅಂತ ವಿಷಯ ಹುಡುಕಿಕೊಂಡು ಹಂಪಿ, ಆನೆಗೊಂದಿ, ಹಿರೇಬೆಣಕಲ್ ಅಂತ ಭಾನುವಾರಗಳಲ್ಲಿ ಅಲೆಯುತ್ತಿದ್ದೇನೆ ಅಂತ ಬರೆದಿದ್ದೀಯ. ಅಲೆ, ಒಳ್ಳೇದೇ. ಹಿರೇಬೆಣಕಲ್ಲಿನ ಕಲ್ಲುಮನೆಗಳ ನಡುವೆ ನಿಂತರೆ ಯಾರಿಗಾದರೂ ಮಾತು ನಿಲ್ಲುತ್ತದೆ. ಆದರೆ ಸೋಮವಾರದಿಂದ ಶನಿವಾರದ ತನಕ ನಿನ್ನ ಮಿಲ್ಲಿನ ಕಟ್ಟೆಯ ಮೇಲೆ ಏನು ನಡೆಯುತ್ತದೆ ಅನ್ನುವುದಕ್ಕೂ ಒಂದು ನೋಟ್‌ಬುಕ್ ಇಡು. ತೂಕದವನು ಏನಂದ, ಹಮಾಲರು ಚೀಲ ಎತ್ತುವಾಗ ಯಾವ ಪದ ಕೂಗಿದರು, ತೌಡು ಒಯ್ಯಲು ಬಂದ ಹೆಂಗಸು ಚೀಟಿಯನ್ನು ಎಲ್ಲಿ ಸಿಕ್ಕಿಸಿಕೊಂಡಳು. ಕಥೆಗೆ ಅಂತ ಬರೆಯಬೇಡ. ಕಂಡದ್ದು ಕಂಡ ಹಾಗೆ ಬರೆ. ಯಾವುದು ಎಲ್ಲಿ ಬೇಕಾಗುತ್ತದೆ ಅಂತ ಆಗ ಗೊತ್ತಾಗುವುದಿಲ್ಲ. ನನ್ನ ಹಳೇ ನೋಟ್‌ಬುಕ್ಕುಗಳಲ್ಲಿ ಹದಿನೈದು ವರ್ಷ ಸುಮ್ನೆ ಬಿದ್ದಿದ್ದ ಒಂದು ಸಾಲು ಒಂದು ರಾತ್ರಿ ಎದ್ದು ಬಂದು ಅರ್ಧಕ್ಕೆ ನಿಂತ ಕಥೆಯನ್ನು ಮುಗಿಸಿಕೊಟ್ಟಿದೆ.

ಪ್ರತಿಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಇದರ ಜೊತೆ ಕಳಿಸಿದ್ದೇನೆ. ಎರಡನೇ ಪುಟದ ನಾಲ್ಕು ಸಾಲಿಗೆ ಚೌಕ ಹಾಕಿದ್ದೇನೆ. ಒಂದು ಅಕ್ಷರವನ್ನೂ ಬದಲಿಸಬೇಡ. ಲಾರಿಯ ಪ್ರಯಾಣ ಸ್ವಲ್ಪ ಉದ್ದ ಆಯಿತು, ಅದನ್ನು ಅರ್ಧ ಮಾಡು.

ದೀಪಾವಳಿ ಆದ ಮೇಲಿನ ಭಾನುವಾರ ನಾನು ತವರಿಗೆ ಹೋಗುತ್ತೇನೆ. ನೀನು ಬೆಳಿಗ್ಗೆ ಗಂಗಾವತಿಯಿಂದ ಸಿಂಧನೂರಿಗೆ ಬಂದು ಅಲ್ಲಿಂದ ಮಸ್ಕಿ ಬಸ್ಸು ಹಿಡಿ. ಬಿಸಿಲು ಏರುವ ಮುಂಚೆ ಬಂಡೆ ನೋಡೋಣ, ಅಕ್ಷರಗಳು ಓರೆ ಬೆಳಕಿಗೆ ಚೆನ್ನಾಗಿ ಕಾಣುತ್ತವೆ. ಊಟಕ್ಕೆ ನಮ್ಮ ಅಣ್ಣನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಲೆ ಮಾಡಿಸಿರುತ್ತೇನೆ. ಬರುವಾಗ ಒಂದು ದಬ್ಬಣ, ಒಂದಿಷ್ಟು ಸುತಳಿ ತೆಗೆದುಕೊಂಡು ಬಾ. ಮಾವನ ಗಂಟು ಹೇಗೆ ಹಾಕುತ್ತಾರೆ ಅಂತ ನನಗೂ ತೋರಿಸು.

ನಿನ್ನ
ಅಕ್ಕ